ಮುದ್ದೆ ಅರಗುವವರೆಗೆ

ಹೊಟ್ಟೆಯ ಕಾಯಿಲೆಗೆ ಡಿಗ್ನಿಟಿ ಇಲ್ಲ. ಹಾರ್ಟ್ ಅಂದರೆ ಜನ ದನಿ ತಗ್ಗಿಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂರುತ್ತಾರೆ. ಮಂಡಿ ಅಂದರೆ ತಮ್ಮ ಮಂಡಿಯನ್ನೂ ತೋರಿಸುತ್ತಾರೆ. ಹೊಟ್ಟೆ ಅಂದರೆ ಮಾತ್ರ, ಅಪರಾಧ ನಮ್ಮದೇ ಎಂಬಂತೆ, 'ಏನು ತಿಂದಿದ್ರಿ?' ಎಂದು ಕೇಳಿ ಬೇರೆ ಕಡೆ ನೋಡುತ್ತಾರೆ. ನಾನು ಓದಿದ ಮೈಸೂರಿನ ಕಾನ್ವೆಂಟಿನಲ್ಲಿ ಊಟದ ಮೇಜಿನ ಮುಂದೆ 'ಸ್ಟಮಕ್' ಎಂಬ ಪದವನ್ನೂ ಸಿಸ್ಟರ್‌ಗಳು ಆಡಗೊಡುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಅಂಥ ಸಂಕೋಚ ಬಿಟ್ಟು ಬರೆಯುವುದು ಸುಲಭವಲ್ಲ.

ಆದರೂ ಬರೆಯುತ್ತಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಪಿರಿಯಾಪಟ್ಟಣದ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, ಮತ್ತೆ ಮತ್ತೆ ಎದ್ದು ಬಾತ್‌ರೂಮಿಗೆ ಹೋಗಿ ಬರುತ್ತಿದ್ದಳು. ನನ್ನದೂ ಅದೇ ಪಾಡು. ಬೆಳಗ್ಗೆಯಿಡೀ ಅಕ್ಕಪಕ್ಕ ಕೂತಿದ್ದೂ ನಾವಿಬ್ಬರೂ ಒಂದು ಮಾತಾಡಲಿಲ್ಲ. ಊರಿನ ಸಮೇತ ಅವಳ ಹೆಸರು ಕರೆದರು, ಹೋದಳು. ಈ ಬರಹ ಅವಳಿಗೆ ಸಿಕ್ಕೀತು ಎಂದೇನೂ ಅಲ್ಲ. ಅವಳಂಥ ಯಾರಿಗಾದರೂ ಸಿಗಲಿ ಎಂದು.

ನಾನಿರುವುದು ಹುಣಸೂರಿನಲ್ಲಿ. ನನ್ನ ಯಜಮಾನರು ಮರದ ಡಿಪೋದಲ್ಲಿ ಕೆಲಸದಲ್ಲಿದ್ದರು. ನಮಗೆ ಮಕ್ಕಳಾಗಲಿಲ್ಲ. ಅವರೂ ಅವರ ತಮ್ಮನೂ ಸೇರಿ ಒಂದು ಮನೆ ಕಟ್ಟಿ, ನಡುವೆ ಗೋಡೆ ಎತ್ತಿ, ಗೋಡೆಯಲ್ಲೊಂದು ಬಾಗಿಲು ಇಟ್ಟರು. ಗೋಡೆ ಜಗಳವಾಗದಿರಲಿ ಅಂತ, ಬಾಗಿಲು ಮಾತು ನಿಲ್ಲದಿರಲಿ ಅಂತ. ಈಗ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಗೋಡೆಯ ಈ ಕಡೆ ನಾನು, ಆ ಕಡೆ ನನ್ನ ವಾರಗಿತ್ತಿ ಗೌರಮ್ಮ. ಅಂತರಸಂತೆಯ ಕಡೆಯವಳು, ನನಗಿಂತ ಚಿಕ್ಕವಳು. ಅವಳ ಬಾಲ್ಯದಲ್ಲೇ ತವರೂರು ಕಪಿಲೆಯ ಹಿನ್ನೀರಿನಲ್ಲಿ ಮುಳುಗಿ, ಬೇರೆ ಜಾಗದಲ್ಲಿ ಹೊಸ ಊರು ಕಟ್ಟಿಕೊಂಡ ಜನ ಅವರು. ಗಂಡಂದಿರು ಹೋದ ಮೇಲೆ ನಾವು ಯಾರೂ ಹೇಳದೆಯೇ ಒಂದು ಏರ್ಪಾಟಿಗೆ ಬಂದಿದ್ದೆವು. ಬೆಳಗಿನ ಕಾಫಿ ನನ್ನ ಅಡುಗೆಮನೆಯಲ್ಲಿ, ಊಟ ಅವಳಲ್ಲಿ. ನನಗೆ ಮುದ್ದೆ ತೊಳಸಲು ಬರುವುದಿಲ್ಲ. ಅವಳು ನನ್ನ ಫಿಲ್ಟರ್ ಕಾಫಿಯಿಲ್ಲದೆ ಕಣ್ಣು ಬಿಡುವುದಿಲ್ಲ. ಈ ಕಾಯಿಲೆ ಬರುವವರೆಗೆ ಬಾಗಿಲಿಗೆ ಚಿಲಕ ಹಾಕಿದ ನೆನಪೇ ನನಗಿಲ್ಲ.

ಎಲ್ಲ ಶುರುವಾದದ್ದು ಒಂದು ಕೆಮ್ಮಿನಿಂದ. ಶ್ವಾಸಕೋಶಕ್ಕೆ ಇನ್‌ಫೆಕ್ಷನ್ ಇಳಿದಿದೆ ಅಂದರು. ಆಂಟಿಬಯೋಟಿಕ್ ಒಂದು ಕೋರ್ಸ್ ಮುಗಿಯಿತು, ಕೆಮ್ಮು ಹೋಗಲಿಲ್ಲ. ಇನ್ನೂ ಸ್ಟ್ರಾಂಗ್ ಆದದ್ದು ಕೊಟ್ಟರು. ಕೆಮ್ಮು ಹೋಯಿತು. ಜೊತೆಗೆ ನನ್ನ ಹೊಟ್ಟೆಯೂ ಹೋಯಿತು. ಭೇದಿ ನಿಲ್ಲಲೇ ಇಲ್ಲ. ಸೀರೆಗಳು ಸೊಂಟದಲ್ಲಿ ನಿಲ್ಲದಂತಾದವು. ಮಲವನ್ನು ಟೆಸ್ಟಿಗೆ ತರಲು ಮೈಸೂರಿನ ಆಸ್ಪತ್ರೆಯವರು ಪುಟ್ಟ ಡಬ್ಬಿ ಕೊಟ್ಟರು. ಅದನ್ನು ಪೇಪರಿನಲ್ಲಿ ಸುತ್ತಿ, ಮೇಲೆ ರೇಷ್ಮೆ ಸೀರೆ ಅಂಗಡಿಯ ಕವರಿನೊಳಗಿಟ್ಟು, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ.

'ಅದೇನಕ್ಕ, ಮೈಸೂರಿಗೇ ಸೀರೆ ತಕ್ಕೊಂಡೋಯ್ತಿದ್ದೀರಲ್ಲ?' ಅಂದಳು ಗೌರಮ್ಮ, ಬಸ್ಸಿಗೆಲ್ಲ ಕೇಳುವ ಹಾಗೆ.

'ಬಾಯಿ ಮುಚ್ಚೆ. ಸ್ಯಾಂಪಲ್ ಅದು.'

'ಓ! ಬ್ಲೌಸ್ ಪೀಸಾ?'

ನಾನು ಕಿಟಕಿಯ ಕಡೆ ತಿರುಗಿಬಿಟ್ಟೆ. ಬಿಳಿಕೆರೆ ಹತ್ತಿರ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಗೌರಮ್ಮ ಎದ್ದು ಹೋಗಿ ಕಂಡಕ್ಟರಿನ ಕಿವಿಯಲ್ಲಿ ಏನೋ ಅಂದಳು. ಆತ ನನ್ನ ಕಡೆ ನೋಡಲೂ ಇಲ್ಲ. ಹೋಟೆಲ್ಲಿನ ಮುಂದೆ ಬಸ್ ನಿಲ್ಲಿಸಿ, 'ಟೀ ಕುಡಿಯೋರು ಕುಡ್ಕಂಬನ್ನಿ' ಎಂದು ಕೂಗಿದ. ಯಾರೂ ಟೀ ಕುಡಿಯಲು ಇಳಿಯಲಿಲ್ಲ. ನಾನು ವಾಪಸ್ ಹತ್ತುವವರೆಗೆ ಬಸ್ ಕಾದಿತ್ತು. ಆ ಕಂಡಕ್ಟರಿನ ಮುಖ ಈಗ ನೆನಪಿಲ್ಲ. ಆ ಕೂಗು ಮಾತ್ರ ನೆನಪಿದೆ.

ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು ಜಾಗ ಖಾಲಿಯಾದಾಗ ತಲೆ ಎತ್ತುವ ಕೆಟ್ಟ ಜಾತಿಯದ್ದೊಂದು ನನ್ನ ಕರುಳಿನಲ್ಲಿ ಬೀಡು ಬಿಟ್ಟಿದೆ ಅಂದರು. ಉದ್ದನೆಯ ಲ್ಯಾಟಿನ್ ಹೆಸರು. ವಾರ್ಡಿನಲ್ಲಿ ಬೇರೆ ಮೂಲೆಯಲ್ಲಿ ಹಾಕಿದರು. ನರ್ಸ್ ಬರುವಾಗ ಗೌನು, ಗ್ಲೌಸು ಹಾಕಿ ಬರುತ್ತಿದ್ದಳು. ಡಿಸ್ಚಾರ್ಜ್ ಮಾಡುವಾಗ, ಬೇರೆ ಬಾತ್‌ರೂಮ್, ಸೋಪು ಹಾಕಿ ಕೈ ತೊಳೆಯುವುದು, ಹೊಟ್ಟೆಗೆ ರೆಸ್ಟ್ ಎಂದರು. ಕರುಳು ಹುಣ್ಣಾಗಿದೆ, ನಾರಿನಂಶ ಸದ್ಯಕ್ಕೆ ಬೇಡ. ಬಿಳಿ ಅನ್ನ, ಮೊಸರು, ಸಿಪ್ಪೆ ತೆಗೆದ ಆಲೂಗಡ್ಡೆ. ರಾಗಿ ಬೇಡ, ಸೊಪ್ಪು ಬೇಡ, ಕಾಳು ಬೇಡ. ಅಂದರೆ ಗೌರಮ್ಮನ ಅಡುಗೆಮನೆಯಲ್ಲಿ ಇರುವುದೆಲ್ಲವೂ ಬೇಡ.

'ನನ್ನ ತಟ್ಟೆ ಮುಟ್ಟಬೇಡ ಕಣೆ, ನಿನಗೂ ಬಂದರೆ?' ಅಂದೆ.

'ನಂಗೇನ್ ಬಂದದು ಬುಡಿ. ಕಲ್ಲುಂಡು ಕಲ್ಲು ಅರಗುಸ್ಕೊಂಡೋಳು ನಾನು.'

'ಹಾಗಲ್ಲ ಗೌರಾ. ಡಾಕ್ಟರ್ ಹೇಳಿದ್ದಾರೆ.'

ಅವಳು ತಟ್ಟೆ ಅಲ್ಲೇ ಇಟ್ಟು ತನ್ನ ಕಡೆಗೆ ಹೋದಳು. ನಡುಗೋಡೆಯ ಬಾಗಿಲಿಗೆ ಅವತ್ತು ನಾನೇ ಚಿಲಕ ಹಾಕಿದೆ. ಅವಳಿಗೆ ಅಂಟಬಾರದು ಎಂದೇ ಹಾಕಿದ್ದು. ಆದರೆ ಚಿಲಕದ ಸದ್ದಿಗೆ ಅದೆಲ್ಲ ಗೊತ್ತಾಗುತ್ತದೆಯೆ?

ಇನ್‌ಫೆಕ್ಷನ್ ಹೋಯಿತು. ಟೆಸ್ಟ್ ಕ್ಲಿಯರ್ ಬಂತು, ಚಿಲಕವೂ ತೆಗೆದದ್ದಾಯಿತು. ಆದರೆ ನಾನು ಮೊದಲಿನ ನಾನಾಗಲಿಲ್ಲ. ಒಂದು ತುತ್ತು ದಂಟಿನ ಸೊಪ್ಪು ತಿಂದರೆ ಹೊಟ್ಟೆ ಡೊಳ್ಳಿನಂತೆ ಉಬ್ಬುತ್ತಿತ್ತು. ಎರಡು ಹುರುಳಿಕಾಳಿಗೆ ನೋವಿನಿಂದ ಬಾಗಿಬಿಡುತ್ತಿದ್ದೆ. ಹೆದರಿಕೆಯಾಗಿ, ಬಿಳಿ ಅನ್ನ ಮೊಸರಿಗೇ ಅಂಟಿಕೊಂಡೆ. ತಿಂಗಳುಗಳು ಹೀಗೇ ಹೋದವು. ಮದುವೆಗಳಿಗೆ ಹೋಗುವುದು ಬಿಟ್ಟೆ, ನಾಮಕರಣ ಬಿಟ್ಟೆ. ಕೆ.ಆರ್. ನಗರದಲ್ಲಿ ನನ್ನ ತವರಿನವರು ಗೃಹಪ್ರವೇಶಕ್ಕೆ ಕರೆದರೆ, ಬಸ್ಸಿನ ಹೆದರಿಕೆಗೆ ಏನೋ ಸುಳ್ಳು ಹೇಳಿದೆ. ಜನರ ಜೊತೆ ಕೂತು ಉಣ್ಣಲಾಗದವಳಿಗೆ ಎಲ್ಲಿಯ ಬಳಗ? ನಮ್ಮ ಕಡೆ ಬಂಧುತ್ವವೆಲ್ಲ ಎಲೆಯ ಮುಂದೆಯೇ ನಡೆಯುವುದು.

ಸಂಜೆಗಳು ಕಷ್ಟ. ಆರು ಗಂಟೆಗೇ ಅನ್ನ ಕಲಸಿಕೊಂಡು ಟೀವಿಯ ಮುಂದೆ ಕೂರುತ್ತಿದ್ದೆ. ಗೋಡೆಯಾಚೆ ಗೌರಮ್ಮ ಮುದ್ದೆ ತೊಳಸುವ ಸದ್ದು. ಕೋಲು ಪಾತ್ರೆಯ ಬದಿಗೆ ಬಡಿಯುವ ಮೆತ್ತನೆಯ ಗುದ್ದು. ಆಮೇಲೆ ಒಗ್ಗರಣೆಯ ಬೆಳ್ಳುಳ್ಳಿಯ ವಾಸನೆ. ಅದಾದ ಮೇಲೆ ಏನೂ ಇಲ್ಲ. ಒಬ್ಬರೇ ಉಣ್ಣುವವರ ಮನೆಯಲ್ಲಿ ಊಟಕ್ಕೆ ಸದ್ದಿರುವುದಿಲ್ಲ.

ಒಂದು ಸಂಜೆ ಅವಳು ಮಗಳ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಮಗಳು ಸುಮಿತ್ರಾ ಸರಗೂರಿನಲ್ಲಿದ್ದಾಳೆ. ಟೈಲರಿಂಗ್ ಅಂಗಡಿ, ಎರಡು ಸಣ್ಣ ಮಕ್ಕಳು. ಗೌರಮ್ಮ ಫೋನನ್ನು ಸ್ಪೀಕರಿನಲ್ಲಿಟ್ಟೇ ಮಾತಾಡುವವಳು.

'ಅಲ್ಲೇನೈತವ್ವ ನಿಂಗೆ? ದೊಡ್ಡವ್ವ ಬ್ಯಾರೆ ಬೇಯಿಸ್ಕತಾರೆ, ನೀನು ಬ್ಯಾರೆ ಬೇಯಿಸ್ಕತೀಯ. ಗೋಡೆ ನೋಡ್ಕಂಡು ಉಣ್ಣೋಕೆ ಅಲ್ಲಿರ್ಬೇಕಾ? ಬಾ ಇಲ್ಲಿಗೆ. ಮಕ್ಕಳ ನೋಡ್ಕಳೋರಿಲ್ದೆ ನಾ ಸಾಯ್ತಾ ಇವ್ನಿ.'

'ನೋಡಾಣ ಇರವ್ವ.'

'ಏನ್ ನೋಡ್ತೀಯ? ದೊಡ್ಡವ್ವನ್ನೂ ಕರ್ಕಂಬಾ.'

'ಅವ್ರು ಬರಾಕಿಲ್ಲ ಕಣವ್ವ.'

ಅದು ನಿಜ. ಆ ಹುಡುಗಿಯ ಎರಡು ಕೋಣೆಯ ಮನೆಗೆ ನನ್ನ ಹೊಟ್ಟೆಯನ್ನು ಹೊತ್ತುಕೊಂಡು ಹೋಗುವುದೆ? ಅವತ್ತು ನನ್ನ ಅನ್ನ ತಟ್ಟೆಯಲ್ಲೇ ಉಳಿಯಿತು. ಮತ್ತೆ ಅವಳ ಅಡುಗೆಮನೆಯಲ್ಲಿ ಕೂತು ಉಣ್ಣುವಂತಾಗದಿದ್ದರೆ ಗೌರಮ್ಮ ಹೊರಟುಹೋಗುತ್ತಾಳೆ. ನನಗೆ ಅಷ್ಟೇ ಗೊತ್ತಾದದ್ದು.

ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ್ದ ಮೈಸೂರಿನ ಡಾಕ್ಟರಮ್ಮನ ಹತ್ತಿರ ಮತ್ತೆ ಹೋದೆ. ಚಿಕ್ಕ ವಯಸ್ಸಿನವಳು, ಮುಖದಲ್ಲಿ ಸದಾ ನಿದ್ದೆಗೆಟ್ಟ ಕಳೆ.

'ನನಗೆ ನಾರು ಜೀರ್ಣ ಆಗಲ್ಲ ಡಾಕ್ಟರ್. ಐ ಹ್ಯಾವ್ ಟ್ರೈಡ್.'

'ನನಗೂ ಆಗಲ್ಲ ಆಂಟಿ,' ಅಂದಳು. 'ಯಾರಿಗೂ ಆಗಲ್ಲ. ಸೊಪ್ಪಿನದ್ದು, ರಾಗಿದು ನಾರು ಒಡೆಯೋ ಶಕ್ತಿ ಮನುಷ್ಯರ ಹೊಟ್ಟೆಗಿಲ್ಲ. ದೊಡ್ಡ ಕರುಳಲ್ಲಿರೋ ಬ್ಯಾಕ್ಟೀರಿಯಾ ಅದನ್ನ ತಿಂತವೆ. ಅವು ತಿಂದು ಬಿಟ್ಟಿದ್ದರಲ್ಲೇ ನಿಮ್ಮ ಕರುಳಿನ ಒಳಪದರ ಬದುಕೋದು. ನೀವು ತಗೊಂಡ ಮಾತ್ರೆ ಅವನ್ನೆಲ್ಲ ಗುಡಿಸಿ ಹಾಕಿದೆ. ಉಳಿದಿರೋ ನಾಲ್ಕನ್ನ ನೀವು ಉಪವಾಸ ಕೆಡವಿದ್ದೀರಿ.'

'ನಾನಾ? ನಾನು ಊಟ ಮಾಡ್ತಾ ಇದ್ದೀನಲ್ಲ.'

'ಬಿಳಿ ಅನ್ನ ಮೇಲಿನ ಸಣ್ಣ ಕರುಳಲ್ಲೇ ಅರಗಿ ಮುಗಿದುಹೋಗುತ್ತೆ. ಅವುಗಳ ತನಕ ಇಳಿಯೋದೇ ಇಲ್ಲ. ಸ್ವಲ್ಪ ದಿನಕ್ಕೆ ಅಂತ ಹೇಳಿದ್ದು ಆ ಪಥ್ಯ, ಜೀವಮಾನಕ್ಕಲ್ಲ. ಒಂದು ಸ್ಪೂನ್ ರಾಗಿಯಿಂದ ಶುರು ಮಾಡಿ. ಗ್ಯಾಸ್ ಬಂದ್ರೆ ಹೆದರಬೇಡಿ, ಅವು ಕೆಲಸಕ್ಕೆ ಇಳಿದಿವೆ ಅಂತ ಅರ್ಥ. ಜ್ವರವೋ ರಕ್ತವೋ ಬಂದ್ರೆ ಮಾತ್ರ ಓಡಿ ಬನ್ನಿ.'

ಕಾನ್ವೆಂಟಿನಲ್ಲಿ ಜರ್ಮ್ಸ್ ಅಂದರೆ ಶತ್ರುಗಳು ಎಂದು ಕಲಿತವಳು ನಾನು. ಉಗುರು ತೋರಿಸಿ ಕ್ಲಾಸಿನೊಳಗೆ ಹೋಗುತ್ತಿದ್ದವಳು. ಈಗ ಅವುಗಳಿಲ್ಲದೆ ನನಗೆ ಗತಿಯಿಲ್ಲ ಅನ್ನುತ್ತಾಳೆ ಈ ಹುಡುಗಿ. ಬಸ್ಸಿನಲ್ಲಿ ಬರುವಾಗ ನನ್ನೊಳಗೊಂದು ಖಾಲಿ ಊರು ಇದ್ದಂತೆ, ಬೀದಿಗಳಲ್ಲಿ ಯಾರೂ ಓಡಾಡದಂತೆ ಅನ್ನಿಸುತ್ತಿತ್ತು. ಸಿಲ್ಲಿ, ಐ ನೋ. ಆದರೆ ಅನ್ನಿಸಿತು.

ಗೌರಮ್ಮನಿಗೆ ಹೇಳಿದೆ. ಅವಳು ಮೂಗಿನ ಮೇಲೆ ಬೆರಳಿಟ್ಟಳು.

'ಅಂಗಾರೆ ಇಷ್ಟು ವರ್ಸ ನಾವು ಉಂಡುದ್ದು ಅವುಕ್ಕಾ?'

'ಅವಕ್ಕೂ ಸೇರಿ ಕಣೆ.'

'ಮೊದ್ಲೇ ಗೊತ್ತಿದ್ರೆ ಇನ್ನೊಂದು ಇಡಿ ಇಟ್ಟು ಜಾಸ್ತಿ ಆಕ್ತಿದ್ನಲ್ಲಕ್ಕ, ಪಾಪ!'

ಮಾರನೆಯ ದಿನದಿಂದಲೇ ರಾಗಿಯ ಉಸ್ತುವಾರಿ ಅವಳದಾಯಿತು. ಬೆಳಿಗ್ಗೆ ನಡುಬಾಗಿಲಿನಿಂದ ಬಟ್ಟಲು ಬಂತು. ತೆಳ್ಳನೆಯ, ನುಣ್ಣನೆಯ, ಹಾಲು ಬೆರೆಸಿದ ರಾಗಿ ಸರಿ. ಕುಡಿದೆ. ಏನೂ ಆಗಲಿಲ್ಲ. ಮರುದಿನ ಸ್ವಲ್ಪ ಹೆಚ್ಚು. ಏನೂ ಆಗಲಿಲ್ಲ. ಬಟ್ಟಲು ದೊಡ್ಡದಾಯಿತು, ಲೋಟವಾಯಿತು. ಗ್ಯಾಸೂ ಇಲ್ಲ, ಗುಡುಗುಡೂ ಇಲ್ಲ. ನಾನು ಗೆದ್ದೆ ಅಂದುಕೊಂಡೆ. ಗೌರಮ್ಮನಿಗೂ ಹಿಗ್ಗು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನಾನಾಗಿಯೇ ಅವಳ ಅಡುಗೆಮನೆಗೆ ಹೋಗಿ ಮಣೆ ಎಳೆದುಕೊಂಡು ಕೂತೆ. ಬಸ್ಸಾರು ಮಾಡಿದ್ದಳು, ಸೊಪ್ಪು, ಕಾಳು ಬಸಿದ ನೀರಿನ ಸಾರು, ಪಕ್ಕದಲ್ಲಿ ಪಲ್ಯ. ಬಿಸಿ ಮುದ್ದೆ. ಮುರಿದು, ಸಾರಿಗೆ ಅದ್ದಿ, ನುಂಗಿದೆ. ಗಂಟಲಿನಲ್ಲಿ ಮುದ್ದೆ ಇಳಿಯುವ ಆ ಬಿಸಿ, ಎಷ್ಟು ಕಾಲವಾಗಿತ್ತು! ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಗೌರಮ್ಮ, 'ಖಾರ ಆಯ್ತಾ?' ಅಂದಳು. ಇಡೀ ಮುದ್ದೆ ಉಂಡೆ.

ಸಂಜೆ ಆಗುವಷ್ಟರಲ್ಲಿ ನಾನು ನೆಲದ ಮೇಲೆ ಮಂಡಿ ಮಡಿಸಿಕೊಂಡು ಬಿದ್ದಿದ್ದೆ. ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಗೌರಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

'ನನ್ನ ಕೈಯಾರೆ ಕೆಡುಸ್ದೆ ಕಣಕ್ಕ. ನನ್ನ ಅಡುಗೆ ಆಗ್ಬರಾಕಿಲ್ಲ ನಿಮ್ಗೆ.'

ಇಬ್ಬರೂ ಸೇರಿಯೇ ಮೈಸೂರಿಗೆ ಹೋದೆವು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಗಾಬರಿಯಾಗುವಂಥದ್ದೇನೂ ಇಲ್ಲ ಅಂದಳು. ಆದರೆ ಅವಳಿಗೆ ಆಶ್ಚರ್ಯ.

'ಇಷ್ಟು ವಾರ ರಾಗಿ ತಗೊಂಡಿದ್ದೀರಿ. ಸ್ವಲ್ಪನಾದ್ರೂ ರೂಢಿಯಾಗಬೇಕಿತ್ತು. ಹೇಗೆ ಮಾಡಿ ಕೊಟ್ರಿ?'

ಗೌರಮ್ಮ ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ನಿಂತವಳಂತೆ ಹೇಳಿದಳು. 'ರಾಗಿ ಮೊಳ್ಕೆ ಕಟ್ಟಿ, ಒಣಗ್ಸಿ, ಮಿಲ್‌ಗಾಕ್ಸಿ ತಂದೆ ಕಣವ್ವ. ಆಮ್ಯಾಕೆ ಪಾತ್ರೆ ಬಾಯ್ಗೆ ಪಂಚೆ ತುಂಡು ಬಿಗ್ದು ಕಟ್ಟಿ, ಇಟ್ಟು ಸುರ್ದು, ಮೇಲೆ ಕೈಯಾಡಿಸ್ದೆ. ಕೆಳುಕ್ಕೆ ನುಣ್ಗೆ ಬಿತ್ತದಲ್ಲ, ಅದು. ಎಳೆ ಮಕ್ಕಳ್ಗೆ ಅಂಗೇ ಮಾಡದು ನಾವು. ಬಾಣ್ತನದಾಗೆ ಸುಮಿತ್ರನ ಮಕ್ಕಳ್ಗೂ ಅಂಗೇ ಮಾಡಿದ್ದೆ.'

'ಬಟ್ಟೆ ಮೇಲೆ ಉಳೀತಲ್ಲ ಹೊಟ್ಟು, ಅದು?'

'ಅದಾ? ಕೋಳಿಗಾಕ್ದೆ.'

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. 'ಅಮ್ಮ, ಔಷಧಿ ಇದ್ದದ್ದೇ ಅದರಲ್ಲಿ. ಕೋಳಿ ಹೇಗಿದೆ?'

'ಚೆಂದಾಗ್ ಮೊಟ್ಟೆ ಇಕ್ತಾ ಅದೆ,' ಅಂದಳು ಗೌರಮ್ಮ, ಬಹಳ ಸಣ್ಣ ದನಿಯಲ್ಲಿ.

ಮೊದಲು ನಕ್ಕದ್ದು ಯಾರೋ ತಿಳಿಯದು. ಮೂವರೂ ನಕ್ಕೆವು. ನನಗೆ ನಗುವುದಕ್ಕೂ ಹೊಟ್ಟೆ ನೋಯುತ್ತಿತ್ತು. ಹೊರಗೆ ಬೆಂಚಿನಲ್ಲಿ ಕೂತವರು ಒಳಗೆ ಏನು ಮದುವೆಯೋ ಎಂದುಕೊಂಡಿರಬೇಕು. ಎಷ್ಟು ಪ್ರೀತಿಯಿಂದ, ಎಷ್ಟು ಹೊತ್ತು ಕೈಯಾಡಿಸಿ ಅವಳು ಸೋಸಿದ್ದಳೋ, ನನಗೆ ಬೇಕಾದದ್ದು ಅಷ್ಟೂ ಪಂಚೆಯ ಮೇಲೆ ಉಳಿದಿತ್ತು. ಒಳಗೆ ಯಾರಿಗೂ ಏನೂ ತಲುಪಿರಲಿಲ್ಲ. ಹಸಿದ ಖಾಲಿ ಊರಿಗೆ ಒಮ್ಮೆಲೇ ಬಸ್ಸಾರಿನ ಜಾತ್ರೆ ಇಳಿಸಿದ್ದೆ.

'ಮತ್ತೆ ಮೊದಲಿಂದ,' ಅಂದಳು ಡಾಕ್ಟರಮ್ಮ. 'ಒಂದು ಸ್ಪೂನ್. ಸೋಸಬೇಡಿ.'

ವಾಪಸ್ ಬರುವ ಬಸ್ಸಿನಲ್ಲಿ ಗೌರಮ್ಮ ನನ್ನ ಕಡೆ ತಿರುಗಿದಳು.

'ನಮ್ಮೂರು ಮುಳುಗ್ದಾಗ,' ಅಂದಳು, 'ಒಸ ಜಾಗಕ್ಕೆ ಎಲ್ರೂ ಒಂದೇ ದಪ ಬರ್ನಿಲ್ಲ ಕಣಕ್ಕ. ಮೊದ್ಲು ಒಬ್ರು ಬಂದು ಗುಡ್ಲಾಕುದ್ರು. ಅವ್ರ ಒಲೆ ಒಗೆ ನೋಡಿ ಇನ್ನೊಬ್ರು ಬಂದ್ರು. ಅಂಗೇ ತುಂಬ್ತು ಊರು. ನಿಮ್ ಒಟ್ಟೇನೂ ಅಂಗೇ ತುಂಬ್ತದೆ ಬುಡಿ.'

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಳ್ಳದೆಯೇ ಮುಂದಿನದನ್ನೂ ಹೇಳಿದಳು.

'ಸುಮಿತ್ರ ಕೂಗ್ತಾನೇ ಅವ್ಳೆ. ಮಕ್ಕಳು ಅಂಗಡಿ ಬಾಗ್ಲಲ್ಲೇ ಮಣ್ಣಾಡ್ಕೊಂಡು ಕೂತಿರ್ತವಂತೆ. ಓಗ್ಬೇಕು ನಾನು. ಆದ್ರೆ ನಿಮ್ಮುನ್ನ ಇಂಗೆ ಬುಟ್ಟು ಓಗಾಕಿಲ್ಲ. ನೀವು ಒಂದು ಮುದ್ದೆ ಉಂಡು ಅರಗುಸ್ಕೊಂಡ್ರಿ ಅಂದ್ರೆ, ಆಗ ಓಯ್ತೀನಿ ಅಂದಿವ್ನಿ ಅವ್ಳಿಗೆ.'

ಇಷ್ಟು ದಿನ ನಾನು ತಿರುಗಾಮುರುಗಾ ತಿಳಿದಿದ್ದೆ. ನನ್ನ ಕಾಯಿಲೆ ಅವಳನ್ನು ಕಳಿಸುತ್ತದೆ ಅಂದುಕೊಂಡಿದ್ದೆ. ಅವಳನ್ನು ಹಿಡಿದಿಟ್ಟಿದ್ದದ್ದೇ ಕಾಯಿಲೆ.

ಅಲ್ಲಿಂದಾಚೆಗಿನ ದಿನಗಳನ್ನು ಹೇಗೆ ಹೇಳಲಿ? ಸೋಸದ ಹಿಟ್ಟಿನ ಒಂದು ಸ್ಪೂನ್ ಅಂಬಲಿ. ಹೊಟ್ಟೆ ಗುಡುಗುಟ್ಟಿತು, ಉಬ್ಬಿತು, ಇಳಿಯಿತು. ಕೆಲವು ದಿನ ಮುಜುಗರ. ಒಬ್ಬಳೇ ಇರುವುದು ಅದಕ್ಕೊಂದು ಅನುಕೂಲ. ಆಮೇಲೆ ಎರಡು ಸ್ಪೂನ್. ನುಣ್ಣಗೆ ಮಸೆದ ಸೊಪ್ಪು ಬೆರಳ ತುದಿಯಷ್ಟು. ಹೆಚ್ಚಾದರೆ ಹಿಂದೆ ಸರಿದು, ಮತ್ತೆ ಮುಂದೆ. ನಿಂಬೆಕಾಯಿಯಷ್ಟು ಮುದ್ದೆ. ಈ ಕಾಯಿಲೆಯಲ್ಲಿರುವವರು ಯಾರಾದರೂ ಓದುತ್ತಿದ್ದರೆ ಹೇಳುತ್ತೇನೆ: ಒಂದೇ ಸಮನೆ ಗುಣವಾಗುವುದಿಲ್ಲ. ನಿನ್ನೆ ಒಪ್ಪಿದ್ದು ಇವತ್ತು ಒಪ್ಪದು. ಅತ್ತುಬಿಡಿ, ಮಾರನೆಯ ದಿನ ಮತ್ತೆ ಒಂದು ಸ್ಪೂನ್ ತಿನ್ನಿ.

ಅಡುಗೆಮನೆಯಲ್ಲಿ ನಾವಿಬ್ಬರೂ ಮತ್ತೆ ಎದುರುಬದುರು ಕೂರುವಂತಾಯಿತು. ಮುದ್ದೆ ಕಟ್ಟುವಾಗ ಅವಳು ನನ್ನದನ್ನು ದಿನಕ್ಕಿಷ್ಟಿಷ್ಟು ದೊಡ್ಡದು ಮಾಡುತ್ತಿದ್ದಳು. ಅವಳ ಒದ್ದೆ ಕೈಯಲ್ಲಿ ಅದು ಉರುಳುವುದನ್ನು ನೋಡುತ್ತ ಕೂರುತ್ತಿದ್ದೆ. ಪ್ರತಿ ತುತ್ತೂ ಅವಳನ್ನು ಸರಗೂರಿನ ಬಸ್ಸಿಗೆ ಒಂದು ಹೆಜ್ಜೆ ಹತ್ತಿರ ಮಾಡುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಒಮ್ಮೆ ಅವಳು, 'ಇವತ್ತು ಸಾಕು ಬುಡಿ ಅಕ್ಕ, ಅವಸ್ರ ಏನು?' ಎಂದು ನನ್ನ ತಟ್ಟೆಯಿಂದ ಅರ್ಧ ಮುರಿದು ತಾನೇ ತಿಂದಳು.

ಅವರೆಕಾಯಿ ಬರುವ ಕಾಲಕ್ಕೆ ಒಂದು ದಿನ ಇಡೀ ಮುದ್ದೆ ಬಡಿಸಿದಳು. ಹಿತಕಿದ ಅವರೆಬೇಳೆಯ ಸಾರು. ನಿಧಾನವಾಗಿ ಉಂಡು ಮುಗಿಸಿದೆ. ಸಂಜೆ ನೋವು ಬರಲಿಲ್ಲ. ಒಂದಿಷ್ಟು ಗುಡುಗುಡು, ಅಷ್ಟೇ. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ನಾನು ಕಾಫಿಗೆ ಇಡುವಷ್ಟರಲ್ಲಿ ಗೌರಮ್ಮ ನಡುಬಾಗಿಲಿಗೆ ಬಂದು ನಿಂತಳು. ತಲೆ ಬಾಚಿರಲಿಲ್ಲ. ಅವಳು ಎದ್ದವಳೇ ಇಲ್ಲಿಗೆ ಬಂದಿದ್ದಳು.

'ಒಟ್ಟೆ ಎಂಗದೆ ಅಕ್ಕ?'

ಒಂದು ಸಣ್ಣ ಸುಳ್ಳು ಸಾಕಿತ್ತು. ಯಾಕೋ ಬಿಗಿದಂತಿದೆ ಕಣೆ, ಅಂದಿದ್ದರೆ ಅವಳು ಮುಂದಿನ ಯುಗಾದಿಯವರೆಗೂ ಕದಲುತ್ತಿರಲಿಲ್ಲ. ಹೊಟ್ಟೆಯ ವಿಷಯ, ಒಳಗೆ ಇಣುಕಿ ನೋಡುವವರು ಯಾರು? ಅಂಗಡಿ ಬಾಗಿಲಲ್ಲಿ ಮಣ್ಣಾಡುವ ಎರಡು ಮಕ್ಕಳನ್ನು ನೆನೆದುಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಆಗ ನಾನು ನೋಡುತ್ತಿದ್ದದ್ದು ಅವಳ ಮುಖವನ್ನು. ನಾನು ಚೆನ್ನಾಗಿರಲಿ ಅಂತ ಅದು ಬೇಡುತ್ತಿತ್ತು. ತಾನು ಹೋಗಬಹುದು ಅಂತ ಅಲ್ಲ, ಸುಮ್ಮನೆ ನಾನು ಚೆನ್ನಾಗಿರಲಿ ಅಂತ.

'ಚೆನ್ನಾಗಿದೆ ಕಣೆ,' ಅಂದೆ. 'ಪೂರ್ತಿ ಅರಗಿದೆ.'

ಅವಳು ಎರಡೂ ಕೈಯಿಂದ ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. ಆಮೇಲೆ ನನಗೆ ಬೆನ್ನು ತಿರುಗಿಸಿ ನಿಂತು, ಮಗಳಿಗೆ ಫೋನ್ ಮಾಡಿದಳು. ಅವತ್ತು ಸ್ಪೀಕರ್ ಹಾಕಲಿಲ್ಲ.

'ಊಂ ಕಣವ್ವ. ಉಂಡ್ರು. ಏನೂ ಆಗ್ನಿಲ್ಲ.' ನಡುಬಾಗಿಲಿನ ಚಿಲಕದ ಮೇಲೆ ಬೆರಳಾಡಿಸಿದಳು. 'ನಾಳಿದ್ದು ಬತ್ತೀನಿ.'